ಸ್ವೀಡನ್ನಿನಲ್ಲಿ ಬನಹಟ್ಟಿಯವ ಒಟ್ಟಿದ ಕಟ್ಟಿಗೆ

ಬನಹಟ್ಟಿ ಬಿಟ್ಟ ದಿನ

ಪರದೇಶಕ್ಕೆ ಹೋಗಿ ಬಂದವರು ಅರಮನೆ ನೋಡಿದೆ, ಸಮುದ್ರ ನೋಡಿದೆ, ಕತ್ತು ನೋಯುವಷ್ಟು ಎತ್ತರದ ಕಟ್ಟಡ ನೋಡಿದೆ ಅನ್ನುತ್ತಾರೆ. ನಾನು ಆರು ವಾರ ಸ್ವೀಡನ್ನಿನಲ್ಲಿದ್ದು ಕಟ್ಟಿಗೆ ನೋಡಿಕೊಂಡು ಬಂದೆ. ನಗಬೇಡಿ. ನೋಡಿದ್ದಷ್ಟೇ ಅಲ್ಲ, ಹೊತ್ತೆ, ಒಟ್ಟಿದೆ, ಒಟ್ಟಿದ್ದನ್ನು ಕೆಡವಿದೆ, ಮತ್ತೆ ಒಟ್ಟಿದೆ. "ಏನ್ರಿ ಮಾಸ್ತರ, ಇಮಾನ ಹತ್ತಿ ಹೋಗಿ ಕಟ್ಟಿಗಿ ಹೊತ್ತ ಬಂದ್ರ್ಯಾ?" ಎಂದು ನಮ್ಮ ಓಣಿಯ ಮಂದಿ ಇಂದಿಗೂ ಚೇಷ್ಟೆ ಮಾಡುತ್ತಾರೆ. ಮಾಡಲಿ. ಅಂಥ ಖುಷಿ ನನಗೆ ಮತ್ತೊಮ್ಮೆ ಸಿಕ್ಕಿಲ್ಲ.

ನಾನು ನೇಕಾರ. ಕೈಮಗ್ಗದ ತರಬೇತಿ ಕೇಂದ್ರದಲ್ಲಿ ನೇಯ್ಗೆ ಕಲಿಸುತ್ತಿದ್ದೆ, ಅದಕ್ಕೇ ಊರಿಗೆಲ್ಲ ಮಾಸ್ತರ. ಇಳಕಲ್ ಸೀರೆಯ ಸೆರಗು ನೇಯುವುದನ್ನು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಒಬ್ಬ ನೇಕಾರ ಬೇಕೆಂದು ಸ್ವೀಡನ್ನಿನ ಒಂದು ನೇಯ್ಗೆ ಶಾಲೆಯವರು ಬರೆದಿದ್ದರು. ಹೇಗೋ ಏನೋ, ಆ ಕಾಗದ ನಾಲ್ಕಾರು ಕಚೇರಿ ತಿರುಗಿ ನನ್ನ ತಲೆಯ ಮೇಲೆ ಬಂದು ಬಿತ್ತು. ಅಲ್ಲಿಯ ತನಕ ನಾನು ಕಂಡ ಅತಿ ದೂರದ ಊರು ಸೊಲ್ಲಾಪುರ.

ಹೊರಡುವ ದಿನ ಬೆಳಿಗ್ಗೆ ಹೆಂಡತಿ ಶಾಂತವ್ವ ನನ್ನ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯ ತುಂಬ ಹೊಗೆ. ಆಕೆಯ ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. 

"ಅಳಬ್ಯಾಡ ಬೇ. ಆರ ವಾರ ಅಂದ್ರ ಕಣ್ಣ ಮುಚ್ಚಿ ತಗಿಯೂದ್ರಾಗ ಬಂದಬಿಡತೇನಿ" ಎಂದೆ.

"ಯಾರು ಅಳಾಕತ್ತಾರ? ಹೊಗಿರಿ ಅದು. ಸರೀರಿ ಅತ್ತಾಗ" ಎಂದು ಆಕೆ ಊದುಗೊಳವಿ ಎತ್ತಿಕೊಂಡು ಒಲೆ ಊದತೊಡಗಿದಳು.

ಹೌದಲ್ಲ, ಹೊಗೆ, ಎಂದು ನಾನೂ ಸಮಾಧಾನಪಟ್ಟುಕೊಂಡೆ. ಆ ಕಟ್ಟಿಗೆ ಒಟ್ಟಿದವನೂ ನಾನೇ. ಪ್ರತಿ ವರ್ಷ ಹಿತ್ತಲಲ್ಲಿ ಹತ್ತಿಕಟ್ಟಿಗೆ, ಜಾಲಿಕಟ್ಟಿಗೆಗಳನ್ನು ಇರುವೆ ನುಸುಳದಷ್ಟು ಬಿಗಿಯಾಗಿ ಒಟ್ಟಿ, ಮೇಲೆ ತಾಡಪತ್ರಿ ಹೊದಿಸುತ್ತಿದ್ದೆ. ಓಣಿಯಲ್ಲಿ ಅಂಥ ಒಟ್ಟಿಲು ಇನ್ನೊಂದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನೂ ಬುತ್ತಿಯ ಜೊತೆ ಕಟ್ಟಿಕೊಂಡು ಮಿರಜಿಯ ಬಸ್ಸು ಹತ್ತಿದೆ.

ಗ್ರೆಟಾಬಾಯಿಯ ಮನೆ

ವಿಮಾನ ಇಳಿದ ಮೇಲೆ ನನ್ನ ಶೇಂಗಾಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಡಬ್ಬಿಯನ್ನು ಅಲ್ಲಿಯ ಅಧಿಕಾರಿ ಹೊರಗೆ ತೆಗೆಸಿದ. ಮೂಸಿದ, ಸೀನಿದ, ಮತ್ತೆ ಮೂಸಿದ. ಇದು ತಿನ್ನುವ ವಸ್ತು ಎಂದು ತೋರಿಸಲು ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅವನೂ ಹಾಕಿಕೊಂಡ. ಅವನ ಕಿವಿ ಕೆಂಪಾದವು. ಡಬ್ಬಿ ಮುಚ್ಚಿ, ಬಾಗಿಲಿನ ಕಡೆ ಕೈ ಮಾಡಿ, ಹೋಗಪ್ಪ ಹೋಗು ಎನ್ನುವಂತೆ ನನ್ನನ್ನು ಬಿಟ್ಟುಬಿಟ್ಟ.

ಹೊರಗೆ ಗ್ರೆಟಾ ಎಂಬವರು ಕಾರು ತಂದು ಕಾಯುತ್ತಿದ್ದರು. ನೇಯ್ಗೆ ಶಾಲೆಯ ಶಿಕ್ಷಕಿ. ಅರವತ್ತರ ಹೆಂಗಸು, ನನಗಿಂತ ಗೇಣು ಎತ್ತರ. ನಾನು ಉಳಿದುಕೊಳ್ಳಬೇಕಾದದ್ದು ಅವರ ಮನೆಯಲ್ಲೇ. ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳಲಿಲ್ಲ, ಅಕ್ಕಾರ ಎಂದೆ. ಈ ಬರಹದಲ್ಲಿ ಅವರು ಗ್ರೆಟಾಬಾಯಿ. ಅವರ ಇಂಗ್ಲಿಷು ಅಷ್ಟಕ್ಕಷ್ಟೇ, ನನ್ನದು ಅದಕ್ಕೂ ಕಡೆ, ಅರ್ಧ ಮಾತು ಕೈಸನ್ನೆಯಲ್ಲೇ ನಡೆಯುತ್ತಿತ್ತು. ಅದನ್ನೆಲ್ಲ ಇದ್ದಂತೆ ಬರೆದರೆ ನಿಮಗೂ ತಲೆನೋವು, ನನಗೂ ತಲೆನೋವು. ಆದ್ದರಿಂದ ಇಲ್ಲಿ ಎಲ್ಲರೂ ಬನಹಟ್ಟಿಯ ಮಾತೇ ಆಡುತ್ತಾರೆ. ಗ್ರೆಟಾಬಾಯಿ ನಮ್ಮ ಓಣಿಯಲ್ಲಿ ಹುಟ್ಟಿದ್ದರೆ ಹೀಗೇ ಮಾತಾಡುತ್ತಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ.

ಮನೆ ಕಾಡಿನ ಅಂಚಿಗಿತ್ತು. ಸುತ್ತ ಬಿಳಿ ತೊಗಟೆಯ ಬರ್ಚ್ ಮರಗಳು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ನೆರಳಿನಲ್ಲಿ ಇನ್ನೂ ಹಿಮ ಬಿದ್ದಿತ್ತು. ನನಗೆ ಕಷ್ಟವಾದದ್ದು ಚಳಿಯಲ್ಲ, ಸದ್ದಿಲ್ಲದ್ದು. ಬನಹಟ್ಟಿಯಲ್ಲಿ ಎಡಬಲದ ಮನೆಗಳ ಪಾವರ್‌ಲೂಮು ಖಟಖಟ ಎನ್ನುತ್ತಲೇ ನಾವು ಉಣ್ಣುತ್ತೇವೆ, ಮಲಗುತ್ತೇವೆ, ಜಗಳಾಡುತ್ತೇವೆ. ಇಲ್ಲಿ ನನ್ನ ಉಸಿರು ನನಗೇ ಕೇಳಿಸಿ ಎದೆ ಡವಡವ ಎನ್ನತೊಡಗಿತು.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಗರ್ರ್ರ್ ಎಂದು ಸದ್ದು ಎದ್ದಿತು ನೋಡಿ! ಅಬ್ಬಾ, ಊರಿಗೆ ಬಂದಷ್ಟು ಸಂತೋಷವಾಯಿತು. ಬನಿಯನ್, ದೋತರದಲ್ಲೇ ಹೊರಗೆ ಓಡಿದೆ. ಗ್ರೆಟಾಬಾಯಿ ತಲೆಗೆ ಟೊಪ್ಪಿಗೆ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು, ಎರಡೂ ಕೈಯಲ್ಲಿ ಒಂದು ಮಷೀನು ಹಿಡಿದು ನಿಂತಿದ್ದರು. ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಸರಪಳಿ, ಅದು ಪೆಟ್ರೋಲಿನ ಬಲದಿಂದ ಗಿರಗಿರ ತಿರುಗುತ್ತದೆ. ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಇಬ್ಬರು ಗಂಡಸರು ಗರಗಸದ ಎರಡು ತುದಿ ಹಿಡಿದು ಬೆವರು ಸುರಿಸಿ ಕೊಯ್ಯುವ ದಿಮ್ಮಿಯನ್ನು ಈ ಹೆಂಗಸು ಬದನೆಕಾಯಿ ಹೆಚ್ಚಿದಂತೆ ಹೆಚ್ಚಿ ಒಗೆಯುತ್ತಿದ್ದರು. ಬಿಳಿ ಹೊಟ್ಟು ಹಾರಿ ನನ್ನ ಮೀಸೆಯ ಮೇಲೆ ಕುಳಿತಿತು. ಅದನ್ನು ಒಂದು ಸಲ ಹಿಡಿಯದೆ ಊರಿಗೆ ಹೋಗಬಾರದು ಎಂದು ನಾನು ಅಲ್ಲೇ ನಿಶ್ಚಯ ಮಾಡಿದೆ.

ಅವರು ಮಷೀನು ಬಂದ್ ಮಾಡಿ ನನ್ನ ದೋತರ ನೋಡಿದರು. "ಮಾಸ್ತರ, ಹಿಂದಕ ಸರೀರಿ! ಆ ಅರಿವಿ ತುದಿ ಸರಪಳಿಗೆ ಸಿಕ್ಕರ ನಿಮ್ಮ ಕಾಲೂ ಕಟ್ಟಿಗಿ ಜೋಡಿ ಹೋಗತೈತಿ."

ಚಹಾದ ಹೊತ್ತಿನಲ್ಲಿ ಸಂಗತಿ ಹೇಳಿದರು. ಅವರ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಆ ಮನೆಗೆ ಕಟ್ಟಿಗೆಯ ಒಲೆಯೊಂದೇ ಆಸರೆ, ಚಳಿಗಾಲಕ್ಕೆ ಒಲೆ ಆರಿದರೆ ಲೋಟದ ನೀರು ಹೆಪ್ಪುಗಟ್ಟುತ್ತದೆ. ಕಟ್ಟಿಗೆಯ ಕೆಲಸವೆಲ್ಲ ಯಜಮಾನರೇ ಮಾಡುತ್ತಿದ್ದರು. ಮನೆಯಲ್ಲಿ ಮೈದುನ ಲಾರ್ಸನಿಗೂ ಪಾಲಿತ್ತು.

"ಅಂವ ಅಂತಾನ, ನಿನಗ ಕಟ್ಟಿಗಿ ಮಾಡೂದು ನೀಗೂದಿಲ್ಲ, ಮನಿ ಮುಚ್ಚಿ ಪ್ಯಾಟ್ಯಾಗ ಎರಡ ಖೋಲಿ ಹಿಡಿ, ಅಲ್ಲಿ ಕರೆಂಟಿನ ಶಾಖ ಐತಿ ಅಂತ. ನಾ ಹೇಳೇನಿ, ಜೂನ್ ಹುಟ್ಟೂದ್ರಾಗ ಒಂದ ಚಳಿಗಾಲದ ಕಟ್ಟಿಗಿ ಒಟ್ಟಿ ತೋರಸ್ತೀನಿ, ಬ್ಯಾಸಗ್ಯಾಗ ಒಣಗ್ತಾವು, ಬಂದ ನೋಡು ಅಂತ. ಅವು ಸರಿ ಇಲ್ಲಂದ್ರ ನಾ ಅವನ ಮಾತ ಕೇಳಬೇಕು."

"ಪ್ಯಾಟ್ಯಾಗ ಇದ್ರ ಏನಾತ್ರಿ ಅಕ್ಕಾರ? ಆರಾಮ ಅಲ್ಲ?" ಎಂದೆ.

ಅವರು ನನ್ನನ್ನು ನಡುಮನೆಗೆ ಕರೆದೊಯ್ದರು. ಅಲ್ಲಿ ಅವರ ತಾಯಿಯ ಕಾಲದ ಮಗ್ಗ ನಿಂತಿತ್ತು. ಆರು ಮೊಳ ಅಗಲ, ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ನೇಯುವಂಥದ್ದು. ಅದರ ಮರ ಕೈಯುಜ್ಜಿ ಉಜ್ಜಿ ಮಿರಿಮಿರಿ ಮಿಂಚುತ್ತಿತ್ತು. "ಇದು ಆ ಖೋಲ್ಯಾಗ ಹಿಡಿಯೂದಿಲ್ಲ ಮಾಸ್ತರ" ಎಂದರು, ಅಷ್ಟೇ.

ನೇಕಾರನಿಗೆ ಅದಕ್ಕಿಂತ ಹೆಚ್ಚು ಹೇಳಬೇಕೆ? ಎದೆ ತಟ್ಟಿಕೊಂಡು, "ಒಟ್ಟೂದು ನನಗ ಬಿಡ್ರಿ. ನಮ್ಮ ಓಣ್ಯಾಗ ಕೇಳಿ ನೋಡ್ರಿ" ಎಂದುಬಿಟ್ಟೆ.

ಮೊದಲ ರವಿವಾರ

ವಾರದ ದಿನಗಳಲ್ಲಿ ಶಾಲೆ, ಸಂಜೆ ಕಟ್ಟಿಗೆ. ರವಿವಾರ ಇಡೀ ದಿನ ಕಟ್ಟಿಗೆ. ನನಗೆ ಯಜಮಾನರ ಕಿತ್ತಳೆ ಬಣ್ಣದ ಪ್ಯಾಂಟು ಕೊಟ್ಟರು. ಅದರೊಳಗೆ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಸೊಂಟಕ್ಕೆ ನೂಲಿನ ಹುರಿ ಬಿಗಿದುಕೊಂಡೆ. ಪ್ಯಾಂಟಿನ ತೊಡೆಯೊಳಗೆ ಏನೋ ಮೆತ್ತಗೆ ತುಂಬಿದ್ದರು. ನೇಕಾರನ ಬೆರಳು ಸುಮ್ಮನಿರುತ್ತದೆಯೇ? ಒಂದು ಕಡೆ ಹೊಲಿಗೆ ಬಿಟ್ಟಿತ್ತು, ಅಲ್ಲಿ ಎಳೆದು ನೋಡಿದೆ. ಉದ್ದುದ್ದನೆಯ ಸಡಿಲ ಎಳೆಗಳು. ಸರಪಳಿ ತಪ್ಪಿ ತೊಡೆಗೆ ಬಡಿದರೆ ಈ ಎಳೆಗಳು ಕಿತ್ತು ಬಂದು ಅದರ ಹಲ್ಲಿಗೆ ಸುತ್ತಿಕೊಂಡು ಮಷೀನನ್ನೇ ನಿಲ್ಲಿಸುತ್ತವಂತೆ. ಕಿತ್ತು ಬಂದು ಕಾಲು ಉಳಿಸುವ ಬಟ್ಟೆ! ನಲವತ್ತೈದು ವರ್ಷದಲ್ಲಿ ನಾನು ಕೇಳದ ಸುದ್ದಿ. ಆ ದಿನವೆಲ್ಲ ಅದನ್ನೇ ನೆನೆದು ನಗುತ್ತಿದ್ದೆ.

"ನನಗೂ ಒಂದ ಸಲ ಮಷೀನ ಕೊಡ್ರೆಲ ಅಕ್ಕಾರ" ಎಂದೆ.

"ಮಗ್ಗದ ಮುಂದ ಕುಂಡ್ರೂದಕ್ಕಿಂತ ಮೊದಲ ನಿಮ್ಮ ಹುಡುಗರ ಕಡಿಂದ ಏನ ಮಾಡಸ್ತೀರಿ?"

"ಒಂದ ತಿಂಗಳ ಬರೇ ನೂಲು ಸುತ್ತಸ್ತೀನ್ರಿ."

"ಹಂಗಾರ ನೀವೂ ಒಂದ ತಿಂಗಳ ಕಟ್ಟಿಗಿ ಹೊರ್ರಿ."

ಬಾಯಿ ಮುಚ್ಚಿಕೊಂಡು ಹೊತ್ತೆ. ಅವರು ದಿಮ್ಮಿಯನ್ನು ಮೊಳದುದ್ದ ಕೊಯ್ಯುವುದು, ಕೊಡಲಿಯಿಂದ ಸೀಳುವುದು. ನಾನು ಒಂದು ಗಾಲಿಯ ಕೈಗಾಡಿಯಲ್ಲಿ ತುಂಬಿ ಮನೆಯ ಮುಂದಕ್ಕೆ ಒಯ್ಯುವುದು. ಆ ಗಾಡಿ ನನ್ನ ಮಾತು ಕೇಳುತ್ತಿರಲಿಲ್ಲ. ಮೊದಲ ದಿನವೇ ಕೆಸರಿನಲ್ಲಿ ಅದು ಎಡಕ್ಕೆ ಹೊರಳಿತು, ನಾನು ಬಲಕ್ಕೆ ಹೊರಳಿದೆ, ಕಟ್ಟಿಗೆ ನಮ್ಮಿಬ್ಬರ ನಡುವೆ ಬಿದ್ದವು. ಗ್ರೆಟಾಬಾಯಿ ಮಷೀನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು.

ಅಲ್ಲಿಯ ಜನ ಮಾತು ಕಡಿಮೆ. ನೆರೆಯವರು ಮನೆಯ ಮುಂದೆ ಹಾಯುವಾಗ ನಡಿಗೆ ನಿಧಾನ ಮಾಡಿ, ಕಟ್ಟಿಗೆಯ ಕಡೆ ಒಂದು ಕಣ್ಣು ಹಾಯಿಸಿ, ಏನೂ ಅನ್ನದೆ ಹೋಗಿಬಿಡುತ್ತಾರೆ. ನಮ್ಮ ಕಡೆಯಾಗಿದ್ದರೆ ನಿಂತು, ಯಾವ ಕಟ್ಟಿಗಿ, ಎಲ್ಲಿಂದ ತಂದ್ರಿ, ಯಾಕ ಅಲ್ಲಿ ಇಟ್ರಿ ಎಂದು ಕೇಳಿ, ಬಂದು ಒಂದು ಕೈ ಹಚ್ಚಿ, ಚಹಾ ಕುಡಿದೇ ಹೋಗುತ್ತಿದ್ದರು. ಇನ್ನೊಂದು ಚಮತ್ಕಾರ: ಅವರು ಹೌದು ಎನ್ನಬೇಕಾದರೆ ಬಾಯಿ ತೆರೆಯುವುದಿಲ್ಲ, ತುಟಿ ಚೂಪು ಮಾಡಿ ಉಸಿರನ್ನು 'ಹ್ಹುಪ್' ಎಂದು ಒಳಗೆ ಎಳೆದುಕೊಳ್ಳುತ್ತಾರೆ. ಅಂಗಡಿಯವನೊಬ್ಬ ಹಾಗೆ ಮಾಡಿದಾಗ ಅವನಿಗೆ ಏನೋ ಆಯಿತೆಂದು ನಾನು ನೀರು ತರಲು ಓಡಿದ್ದೆ.

ಒಟ್ಟಿಲು ಎದ್ದ ವಾರ

ಮೂರನೆಯ ವಾರ ನನ್ನ ಕೈ ನೋಡಬೇಕಿತ್ತು ನೀವು! ಗೋಡೆಯ ಉದ್ದಕ್ಕೆ ಸಾಲು ಹಿಡಿದೆ. ಒಂದೊಂದು ಸೀಳನ್ನೂ ತಿರುವಿ ನೋಡಿ, ಉಬ್ಬಿಗೆ ತಗ್ಗು ಕೂಡಿಸಿ ಇಟ್ಟೆ. ಎಲ್ಲಾದರೂ ಸಂದಿ ಕಂಡರೆ ಚಕ್ಕೆ ತುರುಕಿ ಸುತ್ತಿಗೆಯಿಂದ ಬಡಿದೆ. ಸಡಿಲ ನೇಯ್ದರೆ ಅದಕ್ಕೆ ನಾವು ಜಾಳು ಅನ್ನುತ್ತೇವೆ. ನೇಕಾರನಿಗೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಜಾಳು ನೇಯ್ದ ಎಷ್ಟು ಜನರ ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಅಂಥ ನಾನು ಒಟ್ಟಿದ ಕಟ್ಟಿಗೆಯಲ್ಲಿ ಸೂಜಿ ಹೊಕ್ಕರೆ ಕೇಳಿ. ಸಂಜೆಯಾದೊಡನೆ ಮಳೆ ಮಂಜು ತಾಗಬಾರದೆಂದು ತಾಡಪತ್ರಿಯನ್ನು ನಾಲ್ಕೂ ಕಡೆ ನೆಲದ ತನಕ ಇಳಿಬಿಟ್ಟು ಅಂಚಿಗೆ ಕಲ್ಲು ಇಡುತ್ತಿದ್ದೆ.

"ಎಷ್ಟ ಚಂದ ಬಂದೈತ್ರಿ ಮಾಸ್ತರ!" ಎಂದು ಗ್ರೆಟಾಬಾಯಿ ದೂರದಿಂದ ನೋಡಿ ಹೊಗಳಿದರು. ಯಜಮಾನರು ಹೋದ ಮೇಲೆ ಮಷೀನು ಹಿಡಿಯುವುದು ಕಲಿಯುವುದರಲ್ಲೇ ಅವರಿಗೆ ಸಾಕುಸಾಕಾಗಿತ್ತು. ಮೂವತ್ತು ವರ್ಷ ಅವರು ನೋಡಿದ್ದು ಒಲೆಯ ಬದಿಗೆ ಯಜಮಾನರು ತಂದಿಡುತ್ತಿದ್ದ ಬುಟ್ಟಿಯನ್ನು. ಒಟ್ಟಿಲಿನ ಕಡೆ ಅವರು ಹೋದದ್ದೇ ಕಡಿಮೆ.

ನೆರೆಯವರು ಮಾತ್ರ ಈಗ ಇನ್ನೂ ನಿಧಾನವಾಗಿ ಹಾಯತೊಡಗಿದರು. ಮೆಚ್ಚಿಕೊಂಡಿದ್ದಾರೆ ಎಂದು ನಾನು ಮೀಸೆ ತಿರುವಿದೆ.

ಮೈದುನ ಬಂದ ದಿನ

ನಾನು ಹೊರಡಲು ಒಂಬತ್ತು ದಿನ ಇರುವಾಗ ಲಾರ್ಸ್ ಬಂದ. ಐವತ್ತೈದರ ಆಸುಪಾಸಿನ, ಬಾಗಿಲಿನಷ್ಟು ಅಗಲದ ಮನುಷ್ಯ. ಗ್ರೆಟಾಬಾಯಿ ಒಳ್ಳೆಯ ಅಂಗಿ ತೊಟ್ಟು ನಿಂತಿದ್ದರು. ನಾನು ಗಿರಾಕಿಯ ಮುಂದೆ ಸೀರೆ ಬಿಚ್ಚುವ ಠೀವಿಯಲ್ಲಿ ಕಲ್ಲು ಸರಿಸಿ ತಾಡಪತ್ರಿ ಎಳೆದೆ.

ಒಳಗಿನಿಂದ ಹಳೆಯ ಬಾವಿಯ ವಾಸನೆ ಭಗ್ಗೆಂದು ಬಂತು. ಬಿಳಿ ಕಟ್ಟಿಗೆಯ ಮೈಮೇಲೆಲ್ಲ ಬೂಸು ಹಿಡಿದಿತ್ತು.

ಲಾರ್ಸ್ ಬೆರಳು ತೂರಿಸಲು ನೋಡಿದ, ಹೋಗಲಿಲ್ಲ. ಎರಡೂ ಕೈ ಹಚ್ಚಿ ಒಂದು ಸೀಳು ಎಳೆದ, ಬರಲಿಲ್ಲ. ಕಾಲು ಕೊಟ್ಟು ಜಗ್ಗಿ ಕಿತ್ತು ಅಂಗೈ ಒರೆಸಿಕೊಂಡ. "ಇದು ಗ್ವಾಡಿ. ಕಟ್ಟಿಗಿ ಅಲ್ಲ" ಎಂದ.

ಒಳಗೆ ಹೋಗಿ ಅದನ್ನೇ ಒಲೆಗಿಟ್ಟು ಹಚ್ಚಿದ. ಅದು ಸುಂಯ್ ಎಂದು ನೀರು ಉಗುಳಿತೇ ಹೊರತು ಹೊತ್ತಲಿಲ್ಲ. ಅಡುಗೆಮನೆಯೆಲ್ಲ ಹೊಗೆಯಾಯಿತು. ಗ್ರೆಟಾಬಾಯಿಯ ಕಣ್ಣಲ್ಲಿ ನೀರು ಸುರಿಯಿತು. ಅದು ಹೊಗೆಗೋ ಮಗ್ಗಕ್ಕೋ ನನಗೆ ತಿಳಿಯಲಿಲ್ಲ.

ನಾನು ಪೆದ್ದನಂತೆ, "ಕಟ್ಟಿಗಿ ಅಂದ ಮ್ಯಾಲ ಹೊಗಿ ಬರೂದ ಅಲ್ರಿ?" ಎಂದೆ.

ಇಬ್ಬರೂ ನನ್ನನ್ನು ನೋಡಿದರು. "ಒಣಗಿದ ಕಟ್ಟಿಗಿ ಹಿಂಗ ಹೊಗಿ ಬಿಡೂದಿಲ್ಲ" ಎಂದ ಲಾರ್ಸ್. "ಹಿಂಗ ಬಿಗದಿಟ್ರ ಬ್ಯಾಸಗಿ ಮುಗದರೂ ಇವು ಒಣಗೂದಿಲ್ಲ. ಗಾಳಿ ಆಡಿದ್ರ ಒಣಗ್ತಾವು. ಸಂದಿ ಇದ್ರ ಗಾಳಿ ಆಡ್ತೈತಿ. ನಿಮ್ಮ ಮನ್ಯಾಗ ಕಟ್ಟಿಗಿ ಯಾರು ಒಟ್ತಾರ?"

"ನಾನ."

"ಒಲಿ ಯಾರು ಹಚ್ಚತಾರ?"

"ನಮ್ಮ ಹೆಂಡತಿ."

ಅಷ್ಟು ದೂರದ ದೇಶದಲ್ಲಿ, ಅಷ್ಟು ಹೊಗೆಯ ನಡುವೆ, ನನಗೆ ಶಾಂತವ್ವನ ಊದುಗೊಳವಿ ಕಣ್ಣಿಗೆ ಕಟ್ಟಿತು. ಇಪ್ಪತ್ತೆರಡು ವರ್ಷ ಆಕೆ ಒಲೆ ಊದಿದ್ದಳು. ಇಪ್ಪತ್ತೆರಡು ವರ್ಷ ನಾನು ಹಿತ್ತಲಲ್ಲಿ ನಿಂತು ನನ್ನ ಒಟ್ಟಿಲು ನೋಡಿ ಮೀಸೆ ತಿರುವಿದ್ದೆ. ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ತಪ್ಪು ನಂದು" ಎಂದೆ. "ಅಕ್ಕಾರದ್ದಲ್ಲ. ಅವರು ಕೊಯ್ದದ್ದು, ಸೀಳಿದ್ದು ಎಲ್ಲಾ ಸರಿ ಐತಿ. ಅವರ ಮಗ್ಗಕ್ಕ ನನ್ನ ತಪ್ಪಿನ ಶಿಕ್ಷಾ ಬ್ಯಾಡ. ನಾ ಹೋಗೂ ದಿನ ಮತ್ತ ಬರ್ರಿ."

ಲಾರ್ಸ್ ಹೊರಗೆ ಹೋಗಿ ತಾಡಪತ್ರಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಕೊನೆಗೆ, "ಬರ್ತೀನಿ. ತಾಡಪತ್ರಿ ತಲಿಗಷ್ಟ ಹಾಕ್ರಿ, ಮೈಗೆ ಬ್ಯಾಡ" ಎಂದು ಹೇಳಿ ಕಾರು ಹತ್ತಿದ.

ಜಾಳು

ಕೆಡವಿದೆವು. ಒಂದೊಂದನ್ನೂ ಬಿಸಿಲಿಗೆ ಹರವಿ, ಒರೆಸಿ, ಗೋಡೆಯಿಂದ ನಾಲ್ಕು ಹೆಜ್ಜೆ ಈಚೆಗೆ ಮತ್ತೆ ಮೊದಲಿನಿಂದ ಹಿಡಿದೆವು. ಸೂರ್ಯ ಅಲ್ಲಿ ಆ ದಿನಗಳಲ್ಲಿ ಮುಳುಗಲು ಮನಸ್ಸೇ ಮಾಡುವುದಿಲ್ಲ, ಉಂಡ ಮೇಲೂ ಬೆಳಕೋ ಬೆಳಕು. ಆದರೆ ನನ್ನ ಕೈ ನನ್ನ ಮಾತು ಕೇಳಬೇಕಲ್ಲ! ಸಂದಿ ಬಿಟ್ಟು ಇಡುತ್ತಿದ್ದೆ, ಮರುಕ್ಷಣ ಬೆರಳು ತಾನೇ ಹೋಗಿ ಸಂದಿ ಮುಚ್ಚುತ್ತಿತ್ತು.

"ಮಾಸ್ತರ! ಮತ್ತ ಗ್ವಾಡಿ ಕಟ್ಟಾಕತ್ತೀರಿ!" ಎಂದು ಗ್ರೆಟಾಬಾಯಿ ಕೂಗುತ್ತಿದ್ದರು.

"ಜಾಳ ಮಾಡು, ಜಾಳ ಮಾಡು" ಎಂದು ನನಗೆ ನಾನೇ ಜೋರಾಗಿ ಹೇಳಿಕೊಳ್ಳುತ್ತ ಒಟ್ಟಿದೆ. ಎರಡು ದಿನದಲ್ಲಿ ಅವರಿಗೂ ಆ ಮಾತು ಬಂತು. ಮಷೀನಿನ ಸದ್ದಿನ ಮೇಲೆ, ಸ್ವೀಡನ್ನಿನ ಕಾಡಿನಲ್ಲಿ, ಆ ಎತ್ತರದ ಹೆಂಗಸು "ಜಾಳ! ಜಾಳ!" ಎಂದು ಅರಚುವುದು, ನಾನು ಕಿತ್ತಳೆ ಪ್ಯಾಂಟು ಎತ್ತಿಕೊಂಡು ಓಡುವುದು! ಒಂದು ಸಂಜೆ ಪಕ್ಕದ ಮನೆಯ ಮುದುಕ ನಿಂತೇಬಿಟ್ಟ. ಏನೂ ಅನ್ನದೆ ಒಳಗೆ ಬಂದು, ಸಾಲಿನ ತುದಿ ಜಾರದಂತೆ ಕಟ್ಟಿಗೆಗಳನ್ನು ಅಡ್ಡ ಉದ್ದ ಇಟ್ಟು ಕಂಬ ಕಟ್ಟುವುದನ್ನು ತೋರಿಸಿಕೊಟ್ಟ. ಶೇಂಗಾಹಿಂಡಿ ಹಚ್ಚಿದ ಬ್ರೆಡ್ಡು ಕೊಟ್ಟೆವು. ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಕೇಳಿದ.

ಹೊರಡುವ ದಿನ ಬೆಳಿಗ್ಗೆ ಲಾರ್ಸ್ ಬಂದ. ಒಟ್ಟಿಲಿನ ಈ ಕಡೆ ನಿಂತು ಬಗ್ಗಿ ನೋಡಿದ. ಆ ಕಡೆ ನಿಂತಿದ್ದ ನನ್ನ ಕಿತ್ತಳೆ ಪ್ಯಾಂಟು ಅವನಿಗೆ ಸಂದಿಯಲ್ಲಿ ಕಂಡಿರಬೇಕು. ಕೈ ಒಳಗೆ ಹಾಕಿದ, ಮೊಣಕೈ ತನಕ ಹೋಯಿತು. ಒಂದು ಸೀಳು ತೆಗೆದು ಇನ್ನೊಂದಕ್ಕೆ ಬಡಿದ, ಒಣಗತೊಡಗಿದ ಕಟ್ಟಿಗೆಯ ಟಣ್ ಸದ್ದು ಬಂತು. ಗ್ರೆಟಾಬಾಯಿ ಉಸಿರು ಬಿಗಿಹಿಡಿದಿದ್ದರು. ನಾನೂ ಹಿಡಿದಿದ್ದೆ.

ಲಾರ್ಸ್ ತುಟಿ ಚೂಪು ಮಾಡಿದ. "ಹ್ಹುಪ್."

ಗ್ರೆಟಾಬಾಯಿ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. ಆಮೇಲೆ ಹಿತ್ತಲಿಗೆ ಎಳೆದೊಯ್ದು, ಟೊಪ್ಪಿಗೆ ಹಾಕಿ, ಮಷೀನು ನನ್ನ ಕೈಗೆ ಕೊಟ್ಟು ಹಿಂದೆ ನಿಂತರು. ಹಗ್ಗ ಜಗ್ಗಿದೆ. ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಗರ್ರ್ರ್! ತೋಳು, ಎದೆ, ಹಲ್ಲು ಎಲ್ಲ ನಡುಗಿದವು. ಸರಪಳಿ ಬರ್ಚಿನ ದಿಮ್ಮಿಯೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ದಿಮ್ಮಿ ತುಂಡಾಗಿ ಬಿದ್ದಾಗ ನಾನು ಕೂಗಿದ ಕೂಗು ಬನಹಟ್ಟಿಗೆ ಕೇಳಿಸಿರಬೇಕು.

ಮತ್ತೆ ಬನಹಟ್ಟಿ

ಊರಿಗೆ ಬಂದವನೇ, ಅಂಗಿ ಸಹ ಬಿಚ್ಚದೆ ಹಿತ್ತಲಿಗೆ ಹೋಗಿ ಒಟ್ಟಿಲು ಕೆಡವಿದೆ. ಶ್ರಾವಣ ಬರುವ ಮೊದಲೇ ಸಂದಿ ಬಿಟ್ಟು ಮತ್ತೆ ಒಟ್ಟಿದೆ. ತಾಡಪತ್ರಿ ತಲೆಗಷ್ಟೇ ಹಾಕಿದೆ. "ಪರದೇಶಕ್ಕ ಹೋಗಿ ಕಲತ ಬಂದದ್ದ ಇದ? ಇಲಿ ಸಂಸಾರ ಹೂಡತಾವು ಇದ್ರಾಗ" ಎಂದು ಶಾಂತವ್ವ ಹಣೆ ಚಚ್ಚಿಕೊಂಡಳು. ದೀಪಾವಳಿಯ ಹೊತ್ತಿಗೆ ಊದುಗೊಳವಿ ಬೆಕ್ಕು ಓಡಿಸುವುದಕ್ಕಷ್ಟೇ ಉಳಿಯಿತು.

ಸಂಕ್ರಾಂತಿಯ ಸುಮಾರಿಗೆ ಗ್ರೆಟಾಬಾಯಿಯ ಕಾಗದ ಬಂತು. ಹೊರಗೆ ಎರಡು ಮೊಳ ಹಿಮ ಬಿದ್ದಿದೆಯಂತೆ. ಒಂದೇ ಕಡ್ಡಿಗೆ ಒಲೆ ಹೊತ್ತುತ್ತದಂತೆ. ಮಗ್ಗದ ಮೇಲೆ ಕಂಬಳಿ ನೇಯತೊಡಗಿದ್ದಾರಂತೆ. ಲಾರ್ಸ್ ಪ್ರತಿ ರವಿವಾರ ಬಂದು ಒಲೆಯ ಮುಂದೆ ಕಾಲು ಕಾಯಿಸಿಕೊಂಡು ಹೋಗುತ್ತಾನಂತೆ. ಕಡೆಗೆ ಒಂದು ಪ್ರಶ್ನೆ ಕೇಳಿದ್ದರು: ನಿಮ್ಮ ಮನೆಯವರ ಒಲೆ ಹೇಗಿದೆ?

ಅಡುಗೆಮನೆಯಲ್ಲಿ ಕುಳಿತು ಓದಿ ಹೇಳಿದೆ. ಹೊಗೆಯಿಲ್ಲದೆ ಹಾಗೆ ಅಲ್ಲಿ ಕೂಡ್ರಲು ನನಗೆ ಆಗತೊಡಗಿದ್ದು ಆ ವರ್ಷದಿಂದಲೇ. "ಏನಂತ ಬರೀಲಿ ಬೇ?" ಎಂದೆ.

ಶಾಂತವ್ವ ರೊಟ್ಟಿ ತಿರುವಿ ಹಾಕಿದಳು. "ಒಲಿ ಛಲೋ ಉರಿತೈತಿ ಅಂತ ಬರೀರಿ. ಮತ್ತ ಇದನ್ನೂ ಬರೀರಿ. ಇಪ್ಪತ್ತೆರಡ ವರ್ಷ ನೀವು ಏನರ ಅಂದಾಗೆಲ್ಲ ಇಲ್ಲಿ ಬಂದ ಕುಂತ ಅಳತಿದ್ದೆ, ಕೇಳಿದ್ರ ಹೊಗಿ ಅಂತಿದ್ದೆ. ಈಗ ಆ ನೆವಾನೂ ಹೋತು. ಇನ್ನ ಮುಂದ ನನ್ನ ಕಣ್ಣಾಗ ನೀರ ಕಂಡ್ರ ಅದು ನಿಮ್ದ ತಪ್ಪ. ನೆಟ್ಟಗಿರ್ರಿ."

ನಾನು ಪೆನ್ನು ಕೆಳಗಿಟ್ಟು ಕೇಳಿದೆ: "ಹಂಗಾರ ನಾ ಸ್ವೀಡನ್ನಿಗೆ ಹೊಂಟ ದಿನ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯಲ್ಲಿ ಹೊಗೆಯ ಎಳೆಯೂ ಇರಲಿಲ್ಲ. "ಅವತ್ತ ಖರೇನ ಹೊಗಿರಿ" ಎಂದು ನಕ್ಕಳು.

ಗ್ರೆಟಾಬಾಯಿಗೆ ಉಳಿದದ್ದೆಲ್ಲ ಬರೆದೆ. ಆಕೆಯ ಕಡೆಯ ಆ ಮಾತೊಂದನ್ನು ಮಾತ್ರ ಬರೆಯದೆ ನಾನೇ ಇಟ್ಟುಕೊಂಡೆ.